ಬಚ್ಚಲಲ್ಲಿ ಅಪ್ಪ ಬಿದ್ದರೆ ರಾಡಾರ್‌ಗೆ ಗೊತ್ತಾಗುತ್ತಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಅಮ್ಮ ಹೋದಮೇಲೆ ಅಪ್ಪ ಒಬ್ಬರೇ ಇದ್ದಾರೆ. 78 ವರ್ಷ. ಬೆಂಗಳೂರಿಗೆ ಬನ್ನಿ ಅಂದರೆ ಒಪ್ಪಲ್ಲ. ಕಳೆದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದರು. ತೋಟದ ರೈಟರ್ (ಆಳುಗಳ ಲೆಕ್ಕ ನೋಡಿಕೊಳ್ಳುವವರು) ಬರುವ ತನಕ ಒಂದು ಗಂಟೆ ಅಲ್ಲೇ ಬಿದ್ದಿದ್ದರು. ಕ್ಯಾಮೆರಾ ಹಾಕಿಸೋಣ ಅಂದರೆ ಬೇಡವೇ ಬೇಡ ಅಂತಾರೆ. ಮಿಲಿಮೀಟರ್ ವೇವ್ ರಾಡಾರ್ ಸೆನ್ಸರ್ ಹಾಕಿಸಿ ಅಂತ ಒಬ್ಬರು ಹೇಳಿದರು. ಬಿದ್ದರೆ ಮೊಬೈಲಿಗೆ ಸುದ್ದಿ ಬರುತ್ತದಂತೆ, ಉಸಿರಾಟ ಕೂಡ ಎಣಿಸುತ್ತದಂತೆ. ನಿಜವಾ? ಗೋಡೆ ದಾಟಿ ನೋಡುತ್ತದಾ? ದಿನವಿಡೀ ಆನ್ ಇದ್ದರೆ ಆರೋಗ್ಯಕ್ಕೆ ತೊಂದರೆ ಇಲ್ಲವಾ? ಅದನ್ನೇ ತೋಟದ ಬೇಲಿಗೆ ಹಾಕಿದರೆ ಆನೆ ಬರೋದು ಗೊತ್ತಾಗುತ್ತಾ?

ಉತ್ತರ: ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಬಚ್ಚಲಿಗೆ ರಾಡಾರ್ ಹಾಕಿಸಿ. ಆದರೆ "ಬಿದ್ದರಾ?" ಅಂತ ಪತ್ತೆಮಾಡುವ ದುಬಾರಿ ಪೆಟ್ಟಿಗೆಗಿಂತ ಮೊದಲು, "ಒಳಗೆ ಹೋದವರು ಇನ್ನೂ ಒಳಗೇ ಇದ್ದಾರಾ?" ಅಂತ ನೋಡುವ ಅಗ್ಗದ ಸೆನ್ಸರ್ ಹಾಕಿಸಿ. ಉಸಿರಾಟ ಎಣಿಸುತ್ತದೆ, ನಿಜ. ಹಾಗಂತ ಅದು ಡಾಕ್ಟರ ಯಂತ್ರ ಅಲ್ಲ. ದಪ್ಪ ಮಣ್ಣುಗೋಡೆ, ಇಟ್ಟಿಗೆ ಗೋಡೆಯನ್ನು ಅದು ದಾಟಲ್ಲ. ಆರೋಗ್ಯದ ಹೆದರಿಕೆ ಬೇಡ. ಆನೆಯ ವಿಷಯ ಅಷ್ಟು ಸಲೀಸಲ್ಲ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಹಾಸನದವನು. ಕಾರ್ಖಾನೆಗಳಿಗೆ ಸೆನ್ಸರ್ ಕೂರಿಸಿ ಕೊಡೋದು ನನ್ನ ಕೆಲಸ. ನಿಮ್ಮ ಥರದ್ದೇ ಕಾರಣಕ್ಕೆ ಎರಡು ವರ್ಷದ ಹಿಂದೆ ಆಲೂರು ಹತ್ತಿರ ನಮ್ಮ ದೊಡ್ಡಮ್ಮನ ಮನೆಯಲ್ಲಿ ರಾಡಾರ್ ಹಾಕಿದೆ. ಹಾಕಿ, ತೆಗೆದು, ಬೇರೆ ಜಾಗಕ್ಕೆ ಹಾಕಿ, ಮತ್ತೆ ತೆಗೆದು ಕಲಿತದ್ದೇ ಈ ಉತ್ತರದಲ್ಲಿ ಜಾಸ್ತಿ ಇದೆ.

ರಾಡಾರ್ ಅಂದರೆ ವಿಮಾನ ನಿಲ್ದಾಣದಲ್ಲಿ ತಿರುಗುವ ದೊಡ್ಡ ಆಂಟೆನಾ ನೆನಪಾಗುತ್ತದೆ ಅಲ್ವಾ? ನಿಮ್ಮ ಬಚ್ಚಲಿಗೆ ಬರೋದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಆಂಟೆನಾ ಎಷ್ಟು ದೊಡ್ಡದಿರಬೇಕು ಅನ್ನೋದು ಅಲೆಯ ಉದ್ದದ ಮೇಲೆ ನಿಂತಿದೆ. ಸುಮಾರಾಗಿ ಅಲೆಯ ಅರ್ಧದಷ್ಟು ಬೇಕು. ಎಫ್‌ಎಂ ರೇಡಿಯೋದ ಅಲೆ 3 ಮೀಟರ್ ಉದ್ದ. 60 ಗಿಗಾಹರ್ಟ್ಸ್ (ಅಂದರೆ ಸೆಕೆಂಡಿಗೆ 6,000 ಕೋಟಿ ಸಲ ಕಂಪಿಸುವ) ರಾಡಾರಿನ ಅಲೆ ಬರೀ 5 ಮಿಲಿಮೀಟರ್. ಅದಕ್ಕೆ ಎಳ್ಳುಕಾಳಿನಷ್ಟು ಆಂಟೆನಾ ಇದ್ದರೆ ಸಾಕು. ಏಳೆಂಟು ಆಂಟೆನಾ ಒಂದೇ ಪುಟ್ಟ ಬೋರ್ಡಿನ ಮೇಲೆ ಆರಾಮಾಗಿ ಕೂರುತ್ತವೆ.

ಪುಸ್ತಕದ ಲೆಕ್ಕದಲ್ಲಿ 30ರಿಂದ 300 ಗಿಗಾಹರ್ಟ್ಸ್ ನಡುವಿನದ್ದು ಮಿಲಿಮೀಟರ್ ಅಲೆ. ಅಂಗಡಿಯಲ್ಲಿ ಸಿಗೋದು ಮುಖ್ಯವಾಗಿ 24, 60 ಮತ್ತು 77ರ ಸುತ್ತಮುತ್ತಲಿನವು. 24ರ ಅಲೆ ಹನ್ನೆರಡೂವರೆ ಮಿಲಿಮೀಟರ್ ಇರುತ್ತದೆ, ಕಟ್ಟುನಿಟ್ಟಾಗಿ ನೋಡಿದರೆ ಅದಕ್ಕೆ ಈ ಹೆಸರು ಸಲ್ಲದು. ಆದರೂ ಅದೇ ಹೆಸರಲ್ಲಿ ಮಾರುತ್ತಾರೆ. 77 ಹೆಚ್ಚಾಗಿ ಕಾರುಗಳದ್ದು. ಅಂದಹಾಗೆ, ಈ ಅಲೆಗಳು ನಮಗೆ ಹೊಸತಲ್ಲ. ಜಗದೀಶಚಂದ್ರ ಬೋಸರು 1890ರ ದಶಕದಲ್ಲೇ ಕಲ್ಕತ್ತೆಯಲ್ಲಿ 5 ಮಿಲಿಮೀಟರಿನಷ್ಟು ಸಣ್ಣ ಅಲೆಗಳನ್ನು ಹುಟ್ಟಿಸಿ ಪ್ರಯೋಗ ಮಾಡುತ್ತಿದ್ದರು. 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ತಮ್ಮ ಉಪಕರಣಗಳನ್ನು ತೋರಿಸಿ ಬಂದರು. ಅದನ್ನು ಚಿಪ್ಪಿನೊಳಗೆ ಇಳಿಸಿ ನಮ್ಮ ಜೇಬಿಗೆ ಎಟಕುವಂತೆ ಮಾಡಲು ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಇನ್ನು ದೂರ ಅಳೆಯೋದು ಹೇಗೆ? ಬೆಟ್ಟದ ಎದುರು ನಿಂತು ಕೂಗಿದರೆ ಮಾರ್ದನಿ ಬರಲು ಹಿಡಿದ ಹೊತ್ತಿನಿಂದ ದೂರ ಹೇಳಬಹುದು. ಆದರೆ ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. 3 ಮೀಟರ್ ಆಚೆಯ ಗೋಡೆಗೆ ಹೋಗಿ ಬರಲು 20 ನ್ಯಾನೋಸೆಕೆಂಡ್ ಸಾಕು. ಅಷ್ಟು ಚಿಕ್ಕ ಹೊತ್ತನ್ನು ನೇರವಾಗಿ ಅಳೆಯೋದು ಅಗ್ಗದ ಚಿಪ್ಪಿಗೆ ಆಗದ ಕೆಲಸ. ಅದಕ್ಕೊಂದು ಉಪಾಯ ಇದೆ. ನಾಗಸ್ವರದವರು ಒಂದು ಸ್ವರದಿಂದ ಮೇಲಿನ ಸ್ವರಕ್ಕೆ ಜಾರಿಸಿಕೊಂಡು ಹೋಗುತ್ತಾರಲ್ಲ, ರಾಡಾರ್ ಕೂಡ ತನ್ನ ಅಲೆಯನ್ನು ಹಾಗೇ ಕೆಳಗಿಂದ ಮೇಲಕ್ಕೆ ಏರಿಸುತ್ತಾ ಕಳಿಸುತ್ತದೆ. ಮಾರ್ದನಿ ವಾಪಸ್ ಬರುವಷ್ಟರಲ್ಲಿ ಅದರ ಸ್ವರ ಇನ್ನೂ ಸ್ವಲ್ಪ ಮೇಲೆ ಹೋಗಿರುತ್ತದೆ. ಬಂದ ಸ್ವರಕ್ಕೂ ಈಗಿನ ಸ್ವರಕ್ಕೂ ಇರುವ ಅಂತರ ನೋಡಿದರೆ ದೂರ ಗೊತ್ತಾಯಿತು. ಒಂದು ಉದಾಹರಣೆ: 100 ಮೈಕ್ರೋಸೆಕೆಂಡಿನಲ್ಲಿ 4 ಗಿಗಾಹರ್ಟ್ಸ್ ಏರುವ ರಾಡಾರ್ ಇದೆ ಅನ್ನಿ. 3 ಮೀಟರ್ ದೂರದ ವಸ್ತುವಿಗೆ ಆ ಅಂತರ 8 ಲಕ್ಷ ಹರ್ಟ್ಸ್ ಬರುತ್ತದೆ. ಇದನ್ನು ಅಳೆಯೋದು ಮಕ್ಕಳಾಟ. ಏರಿಸಿ, ಕೇಳಿಸಿಕೊಂಡು, ಮತ್ತೆ ಏರಿಸಿ, ಹೀಗೆ ಸೆಕೆಂಡಿಗೆ ನೂರಾರು ಸಲ, ಕೆಲವದರಲ್ಲಿ ಸಾವಿರಾರು ಸಲ ಮಾಡುತ್ತದೆ.

ಎಷ್ಟು ಅಗಲಕ್ಕೆ ಏರಿಸುತ್ತೀರೋ ಅಷ್ಟು ಸೂಕ್ಷ್ಮವಾಗಿ ಕಾಣುತ್ತದೆ. 4 ಗಿಗಾಹರ್ಟ್ಸ್ ಏರಿದರೆ ಸುಮಾರು 4 ಸೆಂಟಿಮೀಟರ್ ಹಿಂದೆಮುಂದೆ ಇರುವ ಎರಡು ವಸ್ತುಗಳು ಬೇರೆಬೇರೆಯಾಗಿ ಕಾಣುತ್ತವೆ. 24ರ ಪಟ್ಟಿಯಲ್ಲಿ (ಬ್ಯಾಂಡ್ ಅಂತಾರಲ್ಲ, ಅದು) ಸಾಮಾನ್ಯವಾಗಿ ಸಿಗುವ ಅಗಲ ಕಾಲು ಗಿಗಾಹರ್ಟ್ಸ್ ಮಾತ್ರ. ಅಲ್ಲಿ 60 ಸೆಂಟಿಮೀಟರ್ ಒಳಗಿನದೆಲ್ಲ ಒಂದೇ ಮುದ್ದೆ. ಕೆಲವು ನೂರು ರೂಪಾಯಿಗೆ ಸಿಗುವ 24ರ ಸೆನ್ಸರ್‌ಗಳು ಕೋಣೆಯನ್ನು ಮುಕ್ಕಾಲು ಮೀಟರಿನ ದೊಡ್ಡ ದೊಡ್ಡ ಮೆಟ್ಟಿಲುಗಳಾಗಿ ನೋಡೋದು ಇದಕ್ಕೇ. ಜನ ಇದ್ದಾರಾ ಇಲ್ಲವಾ ಅಂತ ತಿಳಿಯಲು ಅಷ್ಟು ಸಾಕು. ಬಿದ್ದರಾ ಅಂತ ತಿಳಿಯಲು ಸಾಲದು.

ಈಗ ಉಸಿರಾಟ. ನನಗೆ ಈ ತಂತ್ರಜ್ಞಾನದಲ್ಲಿ ತುಂಬಾ ಹಿಡಿಸಿದ ಭಾಗ ಇದೇ. 4 ಸೆಂಟಿಮೀಟರ್ ಅಂತ ಹೇಳಿದ ಮೇಲೆ, ಎದೆ ಕೆಲವೇ ಮಿಲಿಮೀಟರ್ ಏರಿಳಿಯೋದು ಹೇಗೆ ಕಂಡೀತು ಅಂತ ನೀವು ಕೇಳಬಹುದು. ದೂರದಲ್ಲಿ ಕಾಣಲ್ಲ, ಅಲೆಯ ಹಂತದಲ್ಲಿ ಕಾಣುತ್ತದೆ. ಅಲೆ ಅಂದರೆ ಸುತ್ತುವ ಚಕ್ರ ಇದ್ದ ಹಾಗೆ, 5 ಮಿಲಿಮೀಟರಿಗೆ ಒಂದು ಪೂರ್ತಿ ಸುತ್ತು. ಎದೆ ಸೆನ್ಸರ್ ಕಡೆಗೆ 1 ಮಿಲಿಮೀಟರ್ ಬಂದರೆ ಹೋಗಿಬರುವ ದಾರಿ 2 ಮಿಲಿಮೀಟರ್ ಕಮ್ಮಿಯಾಯಿತು. ಅಂದರೆ ಚಕ್ರ 144 ಡಿಗ್ರಿ ತಿರುಗಿತು. ಕಣ್ಣಿಗೆ ಹೊಡೆಯುವಷ್ಟು ದೊಡ್ಡ ಬದಲಾವಣೆ ಇದು. ಎದೆಬಡಿತದಿಂದ ಚರ್ಮ ಮಿಸುಕೋದು ಮಿಲಿಮೀಟರಿನ ಕಾಲುಭಾಗದ ಆಸುಪಾಸು. ಅದೂ ಒಳ್ಳೆಯ ಸೆನ್ಸರ್‌ಗೆ ಸಿಗುತ್ತದೆ, ಆದರೆ ಜನ ಅಲ್ಲಾಡದೆ ಇರಬೇಕು.

ಡಿಸೆಂಬರಿನ ಒಂದು ರಾತ್ರಿ ದೊಡ್ಡಮ್ಮ ಮಲಗಿದ ಮೇಲೆ ನಾನು ನಡುಮನೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಸೆನ್ಸರ್ ಮಂಚದ ತಲೆಕಡೆ ಗೋಡೆಗೆ ಇತ್ತು. ಅವರು ಎರಡು ಕಂಬಳಿ ಹೊದ್ದಿದ್ದರು, ಮೂಗು ಬಿಟ್ಟರೆ ಏನೂ ಹೊರಗಿಲ್ಲ. ಪರದೆಯ ಮೇಲೆ ಗೆರೆ ನಿಧಾನಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು. ನಿಮಿಷಕ್ಕೆ 15. ಬಟ್ಟೆ, ಕಂಬಳಿ, ತೆಳು ಪ್ಲಾಸ್ಟಿಕ್ಕು ಇದಕ್ಕೆ ಗಾಜಿದ್ದ ಹಾಗೆ. ಒಂದು ಸಲ ಗೆರೆ ಹುಚ್ಚೆದ್ದು ಕುಣಿಯಿತು. ಕೋಣೆಗೆ ಓಡಿದೆ. ಕೆಮ್ಮಿ, ಮಗ್ಗುಲು ಬದಲಿಸಿದ್ದರು, ಅಷ್ಟೇ. ಇನ್ನೊಂದು ಸಲ ನಿಮಿಷಕ್ಕೆ 28 ತೋರಿಸಿತು. ಮತ್ತೆ ಓಡಿದೆ. ಬೆಕ್ಕು ಬಂದು ಕಾಲ ಹತ್ತಿರ ಮಲಗಿತ್ತು. ಇಬ್ಬರ ಉಸಿರನ್ನೂ ಕಲಸಿ ಎಣಿಸುತ್ತಿತ್ತು ಆ ಯಂತ್ರ. ಹಾಗಾಗಿ ಅದು ಕೊಡುವ ಸಂಖ್ಯೆಯನ್ನು ಸುಮ್ನೆ ಒಂದು ಸೂಚನೆ ಅಂತ ಇಟ್ಟುಕೊಳ್ಳಿ. ಒಂದು ತಿಂಗಳ ರಾತ್ರಿಗಳನ್ನು ಹೋಲಿಸಿ ನೋಡಲು ಚೆನ್ನಾಗಿರುತ್ತದೆ. ಒಂದು ರಾತ್ರಿಯ ಸಂಖ್ಯೆ ನೋಡಿ ಗಾಬರಿಯಾಗೋದೂ ಬೇಡ, ಸಮಾಧಾನ ಪಟ್ಟುಕೊಳ್ಳೋದೂ ಬೇಡ. ರಕ್ತದಲ್ಲಿನ ಆಮ್ಲಜನಕ, ಬಿಪಿ ಇದಕ್ಕೆ ಗೊತ್ತಾಗಲ್ಲ.

ಬೆಕ್ಕಿನ ಕತೆ ಯಾಕೆ ಹೇಳಿದೆ ಅಂದರೆ, ಈ ರಾಡಾರಿನ ಗುಣ, ಮಿತಿ ಎರಡೂ ಅದರಲ್ಲಿವೆ. ಯಾವುದೋ ಒಂದು ದೂರದಲ್ಲಿ ಏನೋ ಅಲ್ಲಾಡುತ್ತಿದೆ ಅನ್ನೋದನ್ನು ಇದು ಬಹಳ ಚೆನ್ನಾಗಿ ಹೇಳುತ್ತದೆ. ಯಾರು, ಏನು ಅನ್ನೋದನ್ನು ಹೇಳಲು ತಡಬಡಾಯಿಸುತ್ತದೆ. ದೂರದಲ್ಲಿ ಇಷ್ಟು ಚುರುಕಾಗಿರುವ ಯಂತ್ರ ದಿಕ್ಕಿನಲ್ಲಿ ಮಂಕು. ಮನೆಗೆ ಸಿಗುವ ಒಳ್ಳೆಯ ಚಿಪ್ಪುಗಳಲ್ಲಿ ಕಳಿಸಲು 3, ಕೇಳಲು 4 ಆಂಟೆನಾ ಇರುತ್ತವೆ. ಅವನ್ನು ಜೋಡಿಸಿ 12 ಆಂಟೆನಾ ಇದ್ದ ಹಾಗೆ ಲೆಕ್ಕ ಹಾಕಿದರೂ ದಿಕ್ಕಿನ ಸೂಕ್ಷ್ಮತೆ 10 ಡಿಗ್ರಿಯ ಹತ್ತಿರ. 3 ಮೀಟರ್ ದೂರದಲ್ಲಿ ಅದು ಅರ್ಧ ಮೀಟರ್ ಆಯಿತು. ಪಕ್ಕಪಕ್ಕ ಕೂತ ಇಬ್ಬರು ಒಬ್ಬರಾಗಿ ಕಾಣಬಹುದು. ಮನುಷ್ಯ ಅಂದರೆ ಅದಕ್ಕೆ ಹತ್ತಿಪ್ಪತ್ತು ಚುಕ್ಕೆಗಳ ಗುಂಪು. ಮುಖ ಇಲ್ಲ, ಬಟ್ಟೆ ಇಲ್ಲ. ನಿಮ್ಮ ತಂದೆಯವರು ಕ್ಯಾಮೆರಾ ಬೇಡ ಅಂದದ್ದಕ್ಕೆ ಇದು ಸರಿಯಾದ ಉತ್ತರ. ಬೇಕಾದರೆ ಆ ಚುಕ್ಕೆಗಳನ್ನೇ ಅವರಿಗೆ ತೋರಿಸಿ. ದೊಡ್ಡಮ್ಮ ನೋಡಿ, "ಇದು ನಾನಾ? ಇರುವೆ ಸಾಲು ಇದ್ದ ಹಾಗಿದೆ" ಅಂದು ನಕ್ಕು ಒಪ್ಪಿಕೊಂಡರು.

ಬೀಳೋದನ್ನು ಪತ್ತೆಮಾಡುವ ಸೆನ್ಸರ್ ಆ ಚುಕ್ಕೆಗಳ ಎತ್ತರವನ್ನು ನೋಡುತ್ತದೆ. ನೆಲದಿಂದ ಒಂದು, ಒಂದೂವರೆ ಮೀಟರ್ ಎತ್ತರದಲ್ಲಿದ್ದ ಗುಂಪು ಗಬಕ್ಕನೆ ನೆಲಮಟ್ಟಕ್ಕೆ ಬಂದು, ಅಲ್ಲೇ ಉಳಿದರೆ ಬಿದ್ದರು ಅಂತ ತೀರ್ಮಾನ. ಕೇಳಲು ಸರಿಯಾಗೇ ಇದೆ. ತೊಂದರೆ ಇರೋದು ನಮ್ಮ ಮನೆಗಳ ರೂಢಿಯಲ್ಲಿ. ನಾವು ನೆಲದ ಮೇಲೆ ಕೂರುವ ಜನ. ದೊಡ್ಡಮ್ಮ ಈಳಿಗೆಮಣೆ ಮುಂದೆ ಕೂತರು, ಅಲಾರ್ಮ್. ದೇವರ ಮುಂದೆ ನಮಸ್ಕಾರ ಮಾಡಿದರು, ಅಲಾರ್ಮ್. ಮೊದಲ ವಾರದಲ್ಲಿ ನನ್ನ ಫೋನು ಒಂಬತ್ತು ಸಲ ಬಡಿದುಕೊಂಡಿತು. ಒಂಬತ್ತೂ ಸುಳ್ಳು. ಹತ್ತನೆಯದು ಬಂದಾಗ ನಾನು ನೋಡಲೇ ಇಲ್ಲ. ಅದೂ ಸುಳ್ಳೇ ಆಗಿತ್ತು, ಆದರೆ ನೋಡದೆ ಇದ್ದದ್ದಕ್ಕೆ ಆಮೇಲೆ ನನಗೇ ನಾಚಿಕೆಯಾಯಿತು. ಸುಳ್ಳು ಅಲಾರ್ಮ್ ಜಾಸ್ತಿಯಾದರೆ ನಿಜದ ಅಲಾರ್ಮಿಗೂ ಬೆಲೆ ಇರಲ್ಲ. ಇದರ ತಿರುಗಾಮುರುಗಾ ಕೂಡ ಇದೆ. ತಲೆಸುತ್ತು ಬಂದು ಗೋಡೆಗೆ ಒರಗಿ ನಿಧಾನಕ್ಕೆ ಕುಸಿದರೆ ಎಷ್ಟೋ ಸೆನ್ಸರ್‌ಗಳು ಅದನ್ನು ಕೂತರು ಅಂತ ತಿಳಿಯುತ್ತವೆ. ವಯಸ್ಸಾದವರು ಬೀಳೋದು ಹಾಗೇ ಜಾಸ್ತಿ ಅಂತ ನನ್ನ ಅನುಭವ.

ಅದಕ್ಕೇ ನಾನು ಬಚ್ಚಲಿನ ಮಟ್ಟಿಗೆ ದಾರಿ ಬದಲಿಸಿದೆ. ಬಚ್ಚಲಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ, ಎಷ್ಟು ಹೊತ್ತಾಯಿತು ಅಂತ. ದೊಡ್ಡಮ್ಮನ ಸ್ನಾನ 20 ನಿಮಿಷ ದಾಟಿದ್ದಿಲ್ಲ. 30 ನಿಮಿಷವಾದರೂ ಒಳಗಿದ್ದರೆ ಮೊದಲು ಬಚ್ಚಲ ಹೊರಗೆ ಒಂದು ಗಂಟೆ ಬಾರಿಸುತ್ತದೆ. ಅವರು ಬಾಗಿಲ ಪಕ್ಕದ ಗುಂಡಿ ಒತ್ತಿದರೆ ನಿಲ್ಲುತ್ತದೆ. ಒತ್ತದಿದ್ದರೆ ಎರಡು ನಿಮಿಷಕ್ಕೆ ನನಗೆ, ಪಕ್ಕದ ಮನೆಯವರಿಗೆ ಫೋನ್. ಇದಕ್ಕೆ ಅಗ್ಗದ 24 ಗಿಗಾಹರ್ಟ್ಸ್ ಸೆನ್ಸರ್ ಸಾಕು. "ಹಾಗಾದರೆ ಆಸ್ಪತ್ರೆ, ಆಫೀಸುಗಳಲ್ಲಿ ಲೈಟ್ ಹಚ್ಚುವ ಆ ಬಿಳಿ ಗುಮ್ಮಟದಂಥ ಸೆನ್ಸರ್ ಸಾಲದಾ?" ಅಂದರೆ, ಸಾಲದು. ಅದು ಮೈಶಾಖ ಅತ್ತಿತ್ತ ಸರಿದಾಡೋದನ್ನು ನೋಡುತ್ತದೆ. ಅಲ್ಲಾಡದೆ ಬಿದ್ದಿರುವವರು ಅದಕ್ಕೆ ಕಾಣಲ್ಲ. ಬಿಸಿನೀರಿನ ಹಬೆ ತುಂಬಿದ ಬಚ್ಚಲಲ್ಲಂತೂ ಅದು ಕುರುಡು. ರಾಡಾರಿಗೆ ಹಬೆ ಲೆಕ್ಕಕ್ಕಿಲ್ಲ, ಪ್ರಜ್ಞೆ ತಪ್ಪಿ ಬಿದ್ದವರ ಉಸಿರೂ ಸಿಗುತ್ತದೆ.

ಇಲ್ಲೊಂದು ವಿಷಯ ಯಾವ ಮಾರಾಟಗಾರನೂ ಹೇಳಲ್ಲ, ಹೇಳಲು ಕಷ್ಟವೂ ಹೌದು. ಅಲ್ಲಾಡದ ವಸ್ತುಗಳನ್ನು ರಾಡಾರ್ ಲೆಕ್ಕದಿಂದ ಕಳೆದುಬಿಡುತ್ತದೆ. ಗೋಡೆ, ಬಕೆಟ್ಟು, ಮಣೆ ಎಲ್ಲ ಹಾಗೇ ಮಾಯವಾಗೋದು. ಉಸಿರು ತೀರಾ ಸಣ್ಣದಾದರೆ, ಅಥವಾ ಮೈ ಮೂಲೆಯಲ್ಲಿ ಮರೆಯಾದರೆ, ಸೆನ್ಸರ್ "ಯಾರೂ ಇಲ್ಲ" ಅನ್ನುತ್ತದೆ. ಸಮಯ ಎಣಿಸೋದೂ ನಿಲ್ಲುತ್ತದೆ. ಅತಿ ಬೇಕಾದ ಹೊತ್ತಿನಲ್ಲೇ ಕೈಕೊಟ್ಟ ಹಾಗೆ. ಇದಕ್ಕೆ ಮದ್ದು ಸುಲಭ. ಬಾಗಿಲಿಗೆ ಒಂದು ಮ್ಯಾಗ್ನೆಟ್ ಸೆನ್ಸರ್ ಹಾಕಿ. ಬಾಗಿಲು ಮುಚ್ಚಿತು, ರಾಡಾರಿಗೆ ಜನ ಕಂಡರು. ಮತ್ತೆ ಬಾಗಿಲು ತೆರೆಯುವ ತನಕ ಒಳಗೆ ಜನ ಇದ್ದೇ ಇದ್ದಾರೆ ಅಂತ ಲೆಕ್ಕ, ರಾಡಾರ್ ಏನೇ ಹೇಳಲಿ. ಬಾಗಿಲು ಮುಚ್ಚದೆ ಸ್ನಾನ ಮಾಡುವ ಅಭ್ಯಾಸ ಇದ್ದರೆ ಬಚ್ಚಲ ಹೊರಗಿನ ಓಣಿಗೆ ಇನ್ನೊಂದು ರಾಡಾರ್ ಹಾಕಿ, ಹೊರಬಂದದ್ದು ಅದಕ್ಕೆ ಕಾಣಲಿ.

ಕೂರಿಸುವ ಜಾಗದ್ದೇ ಅರ್ಧ ಕೆಲಸ. ನಿಮ್ಮ ಬಚ್ಚಲಲ್ಲಿ ಇನ್ನೂ ತಾಮ್ರದ ಹಂಡೆ, ಸೌದೆ ಒಲೆ ಇದೆಯಾ? ಇದ್ದರೆ ಹುಷಾರು. ಲೋಹ ಈ ಅಲೆಗಳಿಗೆ ಕನ್ನಡಿ. ದೊಡ್ಡಮ್ಮನ ಬಚ್ಚಲಲ್ಲಿ ಮೊದಲು ಸೆನ್ಸರ್ ಹಂಡೆಗೆ ಎದುರಾಗಿತ್ತು. ಒಬ್ಬರು ಸ್ನಾನ ಮಾಡಿದರೆ ಇಬ್ಬರು ಕಾಣುತ್ತಿದ್ದರು, ಎರಡನೆಯವರು ಗೋಡೆಯ ಆಚೆ, ಸೌದೆ ಕೊಟ್ಟಿಗೆಯಲ್ಲಿ! ಅಲೆ ಹಂಡೆಗೆ ಬಡಿದು, ಅವರಿಗೆ ಬಡಿದು, ಸುತ್ತುಬಳಸಿ ಬಂದದ್ದರಿಂದ ದೂರ ಜಾಸ್ತಿ ಕಂಡಿತ್ತು. ಹಂಡೆಯ ಮೇಲಿನ ಮೂಲೆಗೆ, ಎರಡು ಮೀಟರ್ ಎತ್ತರಕ್ಕೆ, ಕೆಳಮುಖವಾಗಿ ತಿರುಗಿಸಿದ ಮೇಲೆ ಆ ಭೂತ ಹೋಯಿತು. ಸೆನ್ಸರನ್ನು ತಗಡಿನ ಸ್ವಿಚ್ ಪೆಟ್ಟಿಗೆಯಲ್ಲಿ ಇಡಬೇಡಿ, ಏನೂ ಕಾಣಲ್ಲ. ಪ್ಲಾಸ್ಟಿಕ್ ಡಬ್ಬಿ ಇರಲಿ, ಅದರ ಮೇಲೆ ನೀರು ಹನಿಕಟ್ಟದ ಜಾಗ ಇರಲಿ. ಪ್ಲಾಸ್ಟಿಕ್ಕು ಅಲೆಯನ್ನು ಬಿಡುತ್ತದೆ, ಅದರ ಮೇಲಿನ ನೀರಿನ ಪದರ ಬಿಡಲ್ಲ. ಮಲಗುವ ಕೋಣೆಗೆ ಹಾಕಿದರೆ ಫ್ಯಾನ್ ಕಡೆಗೆ ಮುಖ ಮಾಡಬೇಡಿ. ಕಿಟಕಿ ಪರದೆ, ಒಣಹಾಕಿದ ಪಂಚೆ ಗಾಳಿಗೆ ಆಡಿದರೂ ಜನ ಅಂದುಕೊಳ್ಳುತ್ತದೆ. ಜುಲೈ ಮಳೆಗೆ ತಗಡು ಶೀಟು ನಡುಗುತ್ತದಲ್ಲ, ಅದೂ ಕಾಣುತ್ತದೆ. ನಾನು ಶೀಟಿನ ದೂರದ ಮೆಟ್ಟಿಲನ್ನೇ ಸೆಟ್ಟಿಂಗಿನಲ್ಲಿ ಮುಚ್ಚಿದೆ, ಆಮೇಲೆ ಸರಿಹೋಯಿತು.

ಗೋಡೆ ದಾಟುತ್ತದಾ ಅಂದಿರಿ. ಒಣ ಪ್ಲೈವುಡ್, ಜಿಪ್ಸಮ್ ಬೋರ್ಡ್ ದಾಟುತ್ತದೆ. ಆಫೀಸುಗಳಲ್ಲಿ ಪಕ್ಕದ ಕ್ಯಾಬಿನ್ನಿನವರು ಎದ್ದರೆ ಇಲ್ಲಿ ಲೈಟ್ ಹತ್ತೋದು ಇದರಿಂದಲೇ. ಒಂದೂವರೆ ಅಡಿ ಮಣ್ಣುಗೋಡೆ, ಇಟ್ಟಿಗೆ ಗೋಡೆಯಲ್ಲಿ ಅಲೆ ಸತ್ತುಹೋಗುತ್ತದೆ, ಮಳೆಗಾಲದ ತೇವ ಇದ್ದರಂತೂ ಕೇಳೋದೇ ಬೇಡ. ಅಂದರೆ ಒಂದು ಕೋಣೆಗೆ ಒಂದು ಸೆನ್ಸರ್ ಬೇಕು.

ಆರೋಗ್ಯದ ವಿಷಯ ಬೇಗ ಮುಗಿಸುತ್ತೇನೆ. ಈ ಚಿಪ್ಪುಗಳು ಹೊರಹಾಕೋದು ಸುಮಾರು 10 ಮಿಲಿವಾಟ್. ಮೊಬೈಲ್ ಫೋನು ಕಿವಿಗೆ ಅಂಟಿಕೊಂಡು ಇದರ ಹತ್ತಾರು ಪಟ್ಟು ಹೊರಹಾಕಬಲ್ಲದು. ಇದು ಎಕ್ಸ್‌ರೇ ಥರದ್ದಲ್ಲ, ಜೀವಕೋಶ ಒಡೆಯುವ ಶಕ್ತಿ ಇದಕ್ಕಿಲ್ಲ. ಚರ್ಮದೊಳಗೆ ಅರ್ಧ ಮಿಲಿಮೀಟರಿನಷ್ಟು ಹೋಗುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಜನಸಾಮಾನ್ಯರಿಗೆ ಅಂತರರಾಷ್ಟ್ರೀಯ ಮಿತಿ ಚದರ ಮೀಟರಿಗೆ 10 ವಾಟ್. ಸೆನ್ಸರಿನಿಂದ ಒಂದು ಮೀಟರ್ ದೂರದಲ್ಲಿ ಸಿಗೋದು ಅದರ ಸಾವಿರದ ಒಂದು ಭಾಗಕ್ಕಿಂತಲೂ ಕಮ್ಮಿ.

ಕೊಳ್ಳುವಾಗ ಒಂದು ಮಾತು ಕೇಳಿ: ಈ ಮಾದರಿಗೆ ಭಾರತದಲ್ಲಿ ವೈರ್‌ಲೆಸ್ ಅನುಮತಿ ಇದೆಯಾ ಅಂತ. 60 ಗಿಗಾಹರ್ಟ್ಸ್ ನಮ್ಮಲ್ಲಿ ಕಿರಿಕಿರಿ ಮಾಡಿದ ಪಟ್ಟಿ. 2019ರಲ್ಲಿ ಗೂಗಲ್‌ನವರ ಪಿಕ್ಸೆಲ್ 4 ಫೋನು ಇಲ್ಲಿಗೆ ಬರಲೇ ಇಲ್ಲ. ಅದರೊಳಗೆ ಕೈಸನ್ನೆ ಗುರುತಿಸಲು ಇಟ್ಟಿದ್ದ ಸೋಲಿ ಅನ್ನೋ 60 ಗಿಗಾಹರ್ಟ್ಸ್ ರಾಡಾರೇ ಅದಕ್ಕೆ ಕಾರಣವಾಗಿತ್ತು. ಇನ್ನು ಮಲೆನಾಡಿನ ಮಳೆಗಾಲ ನಿಮಗೆ ನಾನು ಹೇಳಬೇಕಾ? ಕರೆಂಟ್ ಎರಡು ದಿನ ಇರಲ್ಲ, ನೆಟ್‌ವರ್ಕ್ ಮೂರು ದಿನ ಇರಲ್ಲ. ಎಲ್ಲ ಲೆಕ್ಕಾಚಾರ ಎಲ್ಲೋ ದೂರದ ಸರ್ವರಿನಲ್ಲಿ ಮಾಡುವ ಪೆಟ್ಟಿಗೆ ಅಂಥ ದಿನ ಗೋಡೆಗೆ ಅಂಟಿದ ಡಬ್ಬಿ ಅಷ್ಟೇ. ಮನೆಯೊಳಗೇ ತೀರ್ಮಾನ ಮಾಡುವ ಸೆನ್ಸರ್ ಆರಿಸಿ. ಅಗ್ಗದ 24ರದ್ದು ಅರ್ಧ ವಾಟ್ ಕೂಡ ಕುಡಿಯಲ್ಲ, ಸಣ್ಣ ಬ್ಯಾಟರಿಯಲ್ಲೇ ದಿನಗಟ್ಟಲೆ ಓಡುತ್ತದೆ. ಮತ್ತು ನಿಮ್ಮ ಮೊಬೈಲಿಗೆ ಸುದ್ದಿ ಬರೋದಕ್ಕಿಂತ ಮುಖ್ಯ, ಆಳುಗಳಿರುವ ಲೈನ್ ಮನೆಗೆ ಕೇಳುವ ಹಾಗೆ ಒಂದು ಸೈರನ್. ಬೆಂಗಳೂರಿನಿಂದ ನೀವು ಹೊರಟು ಬರುವಷ್ಟರಲ್ಲಿ ಐದು ಗಂಟೆ ಕಳೆದಿರುತ್ತದೆ.

ಆನೆಗೆ ಬರೋಣ. ಅದಕ್ಕೆ ಮೊದಲು ಮಂಜಿನ ಮಾತು, ಯಾಕಂದರೆ ಹೊರಗೆ ಹಾಕುವವರೆಲ್ಲ ಕೇಳೋದು ಅದನ್ನೇ. ಮಂಜಿನ ಕಣ ಮಿಲಿಮೀಟರಿನ ನೂರರ ಒಂದು ಭಾಗದಷ್ಟು. 4, 5 ಮಿಲಿಮೀಟರ್ ಅಲೆಗೆ ಅದು ಇದ್ದೂ ಇಲ್ಲದ ಹಾಗೆ. ಮಳೆಹನಿ 1ರಿಂದ 3 ಮಿಲಿಮೀಟರ್, ಅಲೆಯ ಅಳತೆಗೇ ಹತ್ತಿರ. ಹಾಗಾಗಿ ಜಡಿಮಳೆಯಲ್ಲಿ ಅಲೆ ಚದುರುತ್ತದೆ. ಕಳೆದ ವರ್ಷ ಚಾರ್ಮಾಡಿ ಘಾಟಿಯಲ್ಲಿ ಸ್ನೇಹಿತರೊಬ್ಬರ ಹೊಸ ಕಾರಿನಲ್ಲಿ ಹತ್ತುತ್ತಿದ್ದೆ. ಹತ್ತು ಮೀಟರ್ ಆಚೆ ಬಿಳೀ ಗೋಡೆ. ನನ್ನ ಕಣ್ಣಿಗೆ ಲಾರಿಯ ಕೆಂಪು ದೀಪ ಕಾಣೋದಕ್ಕೆ ಮೊದಲೇ ಡ್ಯಾಶ್‌ಬೋರ್ಡಿನಲ್ಲಿ ಲಾರಿ ಮೂಡಿತು. ಬಂಪರಿನ ಹಿಂದಿನ 77 ಗಿಗಾಹರ್ಟ್ಸ್ ರಾಡಾರಿನ ಕೆಲಸ ಅದು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬರುವಷ್ಟರಲ್ಲಿ ಅದೇ ಕಾರು "ರಾಡಾರ್ ಮುಚ್ಚಿಹೋಗಿದೆ" ಅಂತ ಹಟ ಹಿಡಿಯಿತು. ಮಂಜು ಏನೂ ಮಾಡಿರಲಿಲ್ಲ, ಬಂಪರಿಗೆ ಮೆತ್ತಿದ್ದ ಹಸಿ ಕೆಸರು ಮಾಡಿತ್ತು. ಟವಲಿನಲ್ಲಿ ಒರೆಸಿದೆವು, ಸರಿಹೋಯಿತು.

ಆನೆ ರಾಡಾರಿಗೆ ಕಾಣುತ್ತದಾ ಅಂದರೆ, ಅಷ್ಟು ದೊಡ್ಡ ಪ್ರಾಣಿ ಕಾಣದೆ ಇರುತ್ತದಾ? ಬಯಲಲ್ಲಿ 50, 100 ಮೀಟರ್ ದೂರದಿಂದ ಸರಿಯಾದ ಮಾಡ್ಯೂಲಿಗೆ ಕಂಡೇ ಕಾಣುತ್ತದೆ. ಆದರೆ ನಿಮ್ಮದು ಬಯಲಲ್ಲ. ಎದೆಯೆತ್ತರ ಕಾಫಿ ಗಿಡ, ಮೇಲೆ ಸಿಲ್ವರ್ ಓಕು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಒಂದೊಂದು ಎಲೆಯೂ ನೀರು ತುಂಬಿದ ಚೀಲ, ಅಲೆಯನ್ನು ಕುಡಿದುಬಿಡುತ್ತದೆ. ಮೂರನೇ ಸಾಲಿನ ಗಿಡದ ಆಚೆ ಏನಿದೆ ಅಂತ ಈ ರಾಡಾರಿಗೆ ಗೊತ್ತಾಗಲ್ಲ. ಮೇಲಿಂದ ಗಾಳಿಗೆ ಎಲೆ ಅಲ್ಲಾಡಿದರೆ ಅದೂ ಚಲನೆಯೇ. ಹಸು, ಕಡವೆ, ಬೆಳಗ್ಗೆ ಕೆಲಸಕ್ಕೆ ಬರುವ ಆಳುಗಳು, ಎಲ್ಲಕ್ಕೂ ಸೈರನ್ ಹೊಡೆದರೆ ಮೂರನೇ ದಿನಕ್ಕೆ ಯಾರೋ ವೈರ್ ಕೀಳುತ್ತಾರೆ.

ಒಂದು ಕಡೆ ಮಾತ್ರ ಇದು ಉಪಯೋಗಕ್ಕೆ ಬಂದೀತು. ಆನೆ ಯಾವಾಗಲೂ ದಾಟುವ ಒಂದು ತೆರೆದ ಜಾಗ ನಿಮ್ಮಲ್ಲಿದ್ದರೆ, ತೋಟದ ರಸ್ತೆಯೋ, ಗದ್ದೆಯ ಅಂಚೋ, ಕೆರೆ ಏರಿಯೋ, ಅಲ್ಲಿ ನಾಲ್ಕು ಮೀಟರ್ ಎತ್ತರದ ಕಂಬಕ್ಕೆ ಒಂದು ರಾಡಾರ್ ಹಾಕಬಹುದು. ಅದು ಏನೋ ಬಂತು ಅಂತ ಎಬ್ಬಿಸಬೇಕು, ಪಕ್ಕದ ಥರ್ಮಲ್ ಕ್ಯಾಮೆರಾ (ಮೈಶಾಖದಿಂದ ಚಿತ್ರ ಮೂಡಿಸುವಂಥದ್ದು) ಆನೆಯಾ ಅಲ್ಲವಾ ಅಂತ ನೋಡಬೇಕು. ತಮಿಳುನಾಡಿನ ಮದುಕ್ಕರೈಯಲ್ಲಿ ರೈಲಿಗೆ ಆನೆ ಸಿಕ್ಕಿ ಸಾಯೋದನ್ನು ತಪ್ಪಿಸಲು 2024ರಲ್ಲಿ ಶುರುಮಾಡಿದ ವ್ಯವಸ್ಥೆ ನಿಂತಿರೋದು ಥರ್ಮಲ್ ಕ್ಯಾಮೆರಾ ಮತ್ತು ಎಐ ಮೇಲೆ. ಆನೆಯನ್ನು ಆನೆ ಅಂತ ಗುರುತಿಸೋದು ಅಲ್ಲಿ ಮುಖ್ಯ, ಅದು ಚಿತ್ರದಿಂದಲೇ ಸುಲಭ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಸದ್ಯಕ್ಕೆ ಹಿಂಡಿನ ಆನೆಗೆ ಅರಣ್ಯ ಇಲಾಖೆಯವರು ಹಾಕಿದ ರೇಡಿಯೋ ಕಾಲರ್, ಊರಿನ ವಾಟ್ಸ್ಆ್ಯಪ್ ಗುಂಪು ಇವೇ ನಿಮ್ಮ ರಾಡಾರಿಗಿಂತ ಬೇಗ ಸುದ್ದಿ ಮುಟ್ಟಿಸುತ್ತವೆ. ತೋಟಕ್ಕೆ ಈಗಲೇ ದುಡ್ಡು ಹಾಕಬೇಡಿ ಅನ್ನೋದು ನನ್ನ ಅಭಿಪ್ರಾಯ.

ಬಚ್ಚಲಿಗೆ ಹಾಕಿದ ಮೇಲೆ ಎರಡು ವಾರ ಅಲಾರ್ಮ್ ನಿಮ್ಮ ಫೋನಿಗೆ ಮಾತ್ರ ಬರಲಿ, ಸೈರನ್ ಬೇಡ. ತಂದೆಯವರು ದಿನಾ ಎಷ್ಟು ಹೊತ್ತು ಒಳಗಿರುತ್ತಾರೆ ನೋಡಿಕೊಂಡು ನಿಮಿಷ ನಿಗದಿ ಮಾಡಿ. ಆಮೇಲೆ ಒಂದು ಭಾನುವಾರ ನೀವೇ ಬಚ್ಚಲ ನೆಲದ ಮೇಲೆ ಚಾಪೆ ಹಾಕಿಕೊಂಡು, ಒಂದೊಂದು ಮೂಲೆಯಲ್ಲೂ ಹತ್ತು ಹತ್ತು ನಿಮಿಷ ಅಲ್ಲಾಡದೆ ಮಲಗಿ ನೋಡಿ. ಹಂಡೆ ಒಲೆಯ ಪಕ್ಕದ ಸಂದಿಯನ್ನು ಬಿಡಬೇಡಿ, ನಮ್ಮ ಮನೆಯಲ್ಲಿ ಸೆನ್ಸರಿಗೆ ಕಾಣದೆ ಉಳಿದಿದ್ದು ಅದೊಂದೇ ಜಾಗ.